ತಟ್ಟೆಯ ಎಡಕ್ಕೊಂದು ಪೆನ್ನು

ಕನ್ನಡಕವನ್ನು ಹಣೆಗೇರಿಸಿ, ಎರಡೂ ಮೊಣಕೈಗಳನ್ನು ಮೇಜಿನ ಮೇಲೆ ಊರಿ, ಮೀನಿಗೆ ಹೊಂಚು ಹಾಕಿದ ಕೊಕ್ಕರೆಯ ಹಾಗೆ ಕತ್ತು ಬಗ್ಗಿಸಿ, ತಟ್ಟೆಯಿಂದ ನಾಲ್ಕು ಬೆರಳು ಮೇಲೆ ಭಾವ ಫೋಟೋಗೆಂದು ಫೋನು ಹಿಡಿಯುತ್ತಿದ್ದರು. ಅದಕ್ಕೂ ಮೊದಲು ಅಂಗಿಯ ಕಿಸೆಯಿಂದ ನೀಲಿ ಮುಚ್ಚಳದ ಪೆನ್ನು ತೆಗೆದು ತಟ್ಟೆಯ ಎಡಗಡೆ ಇಡಬೇಕು. ನೆಟ್ಟಗೆ ಇಡಬೇಕು. ವಾಲಿದ್ದರೆ ತೋರುಬೆರಳಿನಿಂದ ತಳ್ಳಿ ಸರಿ ಮಾಡಬೇಕು. ಅಷ್ಟು ಹೊತ್ತೂ ನಾವು ಮನೆಯ ಮೂವರು ತೊಳೆದ ಕೈಗಳನ್ನು ಗಾಳಿಯಲ್ಲಿ ಹಿಡಿದುಕೊಂಡು, ಆಪರೇಷನ್ನಿಗೆ ನಿಂತ ಡಾಕ್ಟರರ ಹಾಗೆ ಕಾಯಬೇಕು.

"ಒಂದು ನಿಮಿಷ... ಯಾರೂ ಕೈ ಹಾಕಬೇಡಿ... ಹಾಂ. ಖಲಾಸ್. ಇನ್ನು ತಿನ್ನಿ."

ತಿನ್ನಲು ಅಲ್ಲೇನು ಉಳಿದಿರುತ್ತಿತ್ತು? ಕಾವಲಿಯಿಂದ ನೇರ ತಟ್ಟೆಗೆ ಬಂದ ನೀರ್ ದೋಸೆ ಅಷ್ಟರಲ್ಲಿ ಒಗೆದು ಮಡಚಿಟ್ಟ ಕರವಸ್ತ್ರವಾಗಿರುತ್ತಿತ್ತು.

ಅವರು ನನ್ನವರ ದೊಡ್ಡಪ್ಪನ ಮಗ. ನನಗೆ ಭಾವ. ಗಲ್ಫಿನ ರುವೈಸ್ ಎಂಬ ತೈಲ ಶುದ್ಧೀಕರಣದ ಊರಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಕೆಲಸ ಮಾಡಿದವರು. ಹಾಗಾಗಿ ಮನೆಮಂದಿಗೆಲ್ಲ ರುವೈಸ್ ಭಾವ. ಅವರ ಹೆಂಡತಿ, ನಾನು ಅಕ್ಕ ಎಂದು ಕರೆಯುವವರು, ಊರಿನಲ್ಲಿ. ಇವರು ಇಲ್ಲಿ ಕಂಪನಿ ಕೊಟ್ಟ ರೂಮಿನಲ್ಲಿ. ಶುಕ್ರವಾರ ಕೆಲಸ ಮುಗಿದದ್ದೇ ತಮ್ಮ ಏಳು ಸೀಟಿನ ಬಿಳಿ ಕಾರು ಹತ್ತಿ, ಎರಡು ಗಂಟೆಯ ದಾರಿ ಹಿಡಿದು, ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿದ್ದ ನಮ್ಮ ಮನೆಗೆ ಬಂದುಬಿಡುತ್ತಿದ್ದರು. ಒಂದು ವಿಲ್ಲಾವನ್ನು ಆರು ಪಾಲು ಮಾಡಿದ್ದರಲ್ಲಿ ನಮ್ಮದು ಒಂದು ಪಾಲು. ಎರಡು ಕೋಣೆ, ಒಂದು ಹಾಲ್, ಇಬ್ಬರು ನಿಂತರೆ ಮೂರನೆಯವರು ಹೊರಗೆ ಹೋಗಬೇಕಾದಷ್ಟು ಅಡಿಗೆಮನೆ. ಆದರೂ ಕಿಟಕಿಯುಳ್ಳ ಅಡಿಗೆಮನೆ. ಅಲ್‌ಹಮ್ದುಲಿಲ್ಲಾ. ಕಿಟಕಿಯಿಲ್ಲದ ಅಡಿಗೆಮನೆಯಲ್ಲಿ ಮೀನು ಹುರಿದವರಿಗೆ ಮಾತ್ರ ಅದರ ಬೆಲೆ ಗೊತ್ತು.

ರಿಫೈನರಿಯಲ್ಲಿ ಭಾವನವರದ್ದು ತಪಾಸಣೆಯ ಕೆಲಸ. ಪೈಪುಗಳಲ್ಲಿ, ಟ್ಯಾಂಕುಗಳಲ್ಲಿ ಎಲ್ಲಿ ತುಕ್ಕು ಹಿಡಿದಿದೆ, ಎಲ್ಲಿ ಬಿರುಕು ಬಿಟ್ಟಿದೆ ಎಂದು ಕಂಪನಿಯ ಕ್ಯಾಮೆರಾದಲ್ಲಿ ಫೋಟೋ ತೆಗೆದು ವರದಿ ಬರೆಯುವುದು. ಹಾಗೆ ತೆಗೆಯುವಾಗ ತುಕ್ಕಿನ ಪಕ್ಕದಲ್ಲಿ ಒಂದು ಪೆನ್ನು ಇಡಬೇಕಂತೆ. ಇಲ್ಲದಿದ್ದರೆ ಫೋಟೋ ನೋಡಿದವನಿಗೆ ಕಲೆ ಸಾಸಿವೆಯಷ್ಟೋ ಸೌತೆಕಾಯಿಯಷ್ಟೋ ಹೇಗೆ ತಿಳಿಯಬೇಕು? ಇದು ಪೈಪಿಗೆ ಸರಿ. ಆದರೆ ಈ ಮನುಷ್ಯ ಆ ಪೆನ್ನನ್ನು ನನ್ನ ಅಕ್ಕಿ ರೊಟ್ಟಿಯ ಪಕ್ಕಕ್ಕೂ ತಂದಿಟ್ಟರು. ಕೋಳಿ ಸುಕ್ಕಕ್ಕೂ ಪೆನ್ನು, ಪಾಯಸಕ್ಕೂ ಪೆನ್ನು. ನನ್ನ ಮಗಳ ಹುಟ್ಟುಹಬ್ಬದ ಕೇಕಿನ ಫೋಟೋ ತೆಗೆದುಕೊಟ್ಟರಲ್ಲ, ಅದರಲ್ಲೂ ಮೇಣದ ಬತ್ತಿಯ ಪಕ್ಕ ಪೆನ್ನು ಮಲಗಿದೆ.

"ಕಂಡದ್ದು ಕಂಡ ಹಾಗೆ ಇರಬೇಕು ತಂಗೀ," ಎನ್ನುವುದು ಅವರ ಮಾತು. ಏನು ಹೇಳಿದರೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತಿದ್ದರು.

ಕಂಡದ್ದು ಕಂಡ ಹಾಗೆ ಅವರೊಬ್ಬರ ಫೋನಿನಲ್ಲಿ ಇದ್ದಿದ್ದರೆ ನನಗೇನು? ನಮ್ಮ ಊರಿನ ಕಡೆಯ ನಲವತ್ತು ಮನೆಯವರು ಸೇರಿ ಮಾಡಿಕೊಂಡ ಒಂದು ಫೋನಿನ ಗ್ರೂಪ್ ಇತ್ತು. ಎಲ್ಲವೂ ಅಲ್ಲಿಗೆ ಹೋಗುತ್ತಿತ್ತು. ಬೇರೆಯವರು ಅಡಿಗೆಯ ಫೋಟೋ ಹಾಕಿದರೆ ಮೇಲೆ ಕೊತ್ತಂಬರಿ ಸೊಪ್ಪು, ಪಕ್ಕದಲ್ಲಿ ನಿಂಬೆಹಣ್ಣು. ನಮ್ಮ ಭಾವ ತೆಗೆಯುವುದು ಒಡೆದ ರೊಟ್ಟಿ, ಕಣ್ಣೀರು ಸುರಿಸುತ್ತ ಈರುಳ್ಳಿ ಹೆಚ್ಚುವ ನನ್ನ ಕೈ, ತೊಳೆಯಲು ಬಿದ್ದ ಪಾತ್ರೆಯ ರಾಶಿ. ಒಮ್ಮೆ ಬಿರಿಯಾನಿ ತಳ ಹಿಡಿಯಿತು. ನೆಂಟರಿಗೆ ಮೇಲಿನದ್ದನ್ನು ಮೆಲ್ಲಗೆ ತೆಗೆದು ಬಡಿಸಿ, ಹೇಗೋ ಮಾನ ಉಳಿಯಿತು ಎಂದು ದೇವರಿಗೆ ಶುಕ್ರ್ ಹೇಳುತ್ತ ಪಾತ್ರೆ ನೆನೆಹಾಕಲು ಹೋದರೆ, ಅಲ್ಲಿ ಭಾವ ಪಾತ್ರೆಯೊಳಗೆ ಪೆನ್ನು ಇಳಿಸಿ ಫೋಟೋ ತೆಗೆಯುತ್ತಿದ್ದಾರೆ. ಗ್ರೂಪಿನಲ್ಲಿ ಅದರ ಕೆಳಗೆ ವರದಿ: 'ತಳ: ಕಪ್ಪು. ಆಳ: ಅರ್ಧ ಪೆನ್ನು.'

ಎರಡು ತಿಂಗಳ ಮೇಲೆ ಒಂದು ನಿಕಾಹಿನ ಊಟದಲ್ಲಿ, ಯಾರೆಂದೇ ಗೊತ್ತಿಲ್ಲದ ಹೆಂಗಸೊಬ್ಬರು ನನ್ನ ಕೈ ಹಿಡಿದುಕೊಂಡು, "ಓ, ಅರ್ಧ ಪೆನ್ನು ಬಿರಿಯಾನಿ ನಿಮ್ಮದೇ ಅಲ್ವಾ?" ಎಂದರು. ನಾನು ನಕ್ಕೆ. ಒಳಗೆ ಏನಾಯಿತು ಎಂಬುದನ್ನು ಬರೆಯುವುದು ಬೇಡ.

ರಂಝಾನಿನ ಒಂದು ಸಂಜೆಯಂತೂ ನನಗೆ ತಡೆಯಲಾಗಲಿಲ್ಲ. ಉಪವಾಸ ಬಿಡುವ ಮಗ್ರಿಬ್ ಬಾಂಗ್ ಆಯಿತು. ಹದಿನಾಲ್ಕು ಗಂಟೆ ನೀರು ಕಾಣದ ಗಂಟಲು. ಖರ್ಜೂರ ಕೈಗೆ ಬಂದಿದೆ, ತುಟಿಯವರೆಗೂ ಬಂದಿದೆ.

"ಒಂದು ನಿಮಿಷ!"

"ಭಾವ," ಎಂದೆ, "ಖರ್ಜೂರ ನಿನ್ನೆಯೂ ಹೀಗೆಯೇ ಇತ್ತು, ನಾಳೆಯೂ ಹೀಗೆಯೇ ಇರ್ತದೆ. ಇದರ ಫೋಟೋ ನಿಮಗೆ ಎಂತಕ್ಕೆ?"

"ಇದು ಇವತ್ತಿನ ಖರ್ಜೂರ ಅಲ್ಲವಾ ಮಾರಾಯ್ತಿ."

"ಅಂಕಲ್, ಪ್ಲೀಸ್, ಜಸ್ಟ್ ಈಟ್!" ಎಂದು ಮಗಳು ಕಿರುಚಿದಳು. ಅವಳಿಗೆ ಆಗ ಹನ್ನೆರಡು ವರ್ಷ. ನಾವು ಮನೆಯಲ್ಲಿ ಬ್ಯಾರಿ ಮಾತಾಡಿದರೂ ಅವಳ ಉತ್ತರ ಇಂಗ್ಲಿಷಿನಲ್ಲಿಯೇ. ಅಂದು ಮಾತ್ರ ಅವಳನ್ನು ಗದರಿಸಲು ನನಗೆ ಮನಸ್ಸಾಗಲಿಲ್ಲ.

ಹಾಗೆಂದು ಮನುಷ್ಯ ಕೆಟ್ಟವರೇ? ಅಲ್ಲ. ನನ್ನ ರೊಟ್ಟಿ ಒಂದು ಬದಿ ಬೆಂದು ಒಂದು ಬದಿ ಹಸಿಯಾಗಿ ಉಳಿಯುತ್ತಿದ್ದುದನ್ನು ಮೂರು ವಾರ ಫೋಟೋ ತೆಗೆದು ನೋಡಿದವರು, ನಾಲ್ಕನೆಯ ವಾರ ಒಂದು ಕಬ್ಬಿಣದ ಕಾವಲಿ ಹೊತ್ತು ತಂದರು. ರುವೈಸ್‌ನಲ್ಲಿ ವೆಲ್ಡಿಂಗ್ ಮಾಡುವ ಸ್ನೇಹಿತನ ಹತ್ತಿರ ಮಾಡಿಸಿದ್ದಂತೆ. "ನಿನ್ನ ಕೈ ಸರಿ ಉಂಟು. ಕಾವಲಿಯ ನಡು ಏಳುತ್ತಾ ಉಂಟು," ಎಂದರು. ಹತ್ತು ವರ್ಷ ನನ್ನ ಕೈಯನ್ನೇ ಬೈದುಕೊಂಡಿದ್ದೆ. ತವರಿನಲ್ಲಿ ಉಮ್ಮ ಕೂಡ ನನ್ನ ಕೈಯನ್ನೇ ಬೈದಿದ್ದರು. ಆ ಕಾವಲಿ ಇವತ್ತಿಗೂ ನನ್ನ ಒಲೆಯ ಮೇಲಿದೆ.

ಶನಿವಾರಗಳಲ್ಲಿ ಊಟದ ಸವಾರಿ ಹೊರಡುತ್ತಿತ್ತು. ಸವಾರಿಯಲ್ಲಿ ನಾವು ಮೂವರು, ಭಾವ, ಜೊತೆಗೆ ಎದುರು ಬದಿಯ ಪಾಲಿನಲ್ಲಿದ್ದ ನರ್ಸ್ ಬಾಯಿ. ಅವರು ಉಡುಪಿ ಕಡೆಯ ಕ್ರಿಶ್ಚಿಯನ್ನರು, ಇಲ್ಲಿಯ ಆಸ್ಪತ್ರೆಯೊಂದರಲ್ಲಿ ಕೆಲಸ. ಅವರ ಮನೆಮಾತು ಕೊಂಕಣಿ, ನಮ್ಮದು ಬ್ಯಾರಿ, ಜಗಳವಾಡಲು ಕನ್ನಡ. ನರ್ಸ್ ಬಾಯಿಗೆ ನಾಲಗೆ ಚುರುಕು. "ಇನ್ಸ್‌ಪೆಕ್ಟ್ರೇ, ನಿಮ್ಮ ಒಂದು ಫೋಟೋ ಮುಗಿಯುವಷ್ಟರಲ್ಲಿ ನಮ್ಮ ಆಸ್ಪತ್ರೆಯಲ್ಲಿ ಎರಡು ಹೆರಿಗೆ ಆಗ್ತದೆ," ಎಂದು ಅವರೊಬ್ಬರು ಮಾತ್ರ ಭಾವನ ಮುಖಕ್ಕೇ ಹೇಳುತ್ತಿದ್ದರು.

ಕಾರು ಯಾವಾಗಲೂ ಭಾವನದ್ದೇ. ಓಡಿಸುವುದೂ ಅವರೇ. "ಯಲ್ಲಾ, ಹತ್ತಿ" ಎಂದರೆ ಹತ್ತಬೇಕು. ಆದರೆ ಹೋಗಬೇಕೆಂದ ಹೋಟೆಲಿಗೆ ನಾವು ಸರಿಯಾಗಿ ತಲುಪಿದ್ದು ಬಹಳ ಕಡಿಮೆ. ತಿರುಗಬೇಕಾದ ಕಡೆ ಭಾವ ತಿರುಗುತ್ತಿರಲಿಲ್ಲ. ಬೋರ್ಡು ದಾಟಿ ಹೋದ ಮೇಲೆ, "ಇರಲಿ, ಇವತ್ತು ಹೊಸ ದಾರಿ ನೋಡುವ," ಎನ್ನುತ್ತಿದ್ದರು. ಹಾಗೆ ದಾರಿ ತಪ್ಪಿಯೇ ಜೆಬೆಲ್ ಅಲಿಯ ಗೋದಾಮುಗಳ ಹಿಂದೆ ಲಾರಿ ಡ್ರೈವರುಗಳು ಊಟ ಮಾಡುವ ಒಂದು ಕ್ಯಾಂಟೀನು ಸಿಕ್ಕಿತು. ಒಳಗೆ ಹೆಂಗಸರಿಗೆಂದು ಒಂದು ಪರದೆ ಕಟ್ಟಿ, ಎರಡು ಬೆಂಚು ಹಾಕಿಕೊಟ್ಟ ಆ ಪಠಾಣನ ಪುಣ್ಯ ದೊಡ್ಡದು. ಅವನು ಕೊಟ್ಟ ಮೂಳೆಸಾರು, ತಂದೂರಿನಿಂದ ಬಂದ ಮೊರದಷ್ಟಗಲದ ರೊಟ್ಟಿ! ಭಾವ ಅದರ ಪಕ್ಕ ಪೆನ್ನಿಟ್ಟಾಗ ಪಠಾಣ, "ಬಿಲ್ ಬರೆಯುತ್ತೀರಾ ಸಾಹೇಬರೇ?" ಎಂದು ಉರ್ದುವಿನಲ್ಲಿ ಕೇಳಿದ. ಬಾಯಿ ನಕ್ಕೂ ನಕ್ಕೂ ಕೆಮ್ಮಿದರು. ದಾರಿ ತಪ್ಪುವುದೇ ನಮ್ಮ ಸವಾರಿಯ ರುಚಿ ಎಂದು ನಾವೆಲ್ಲ ನಂಬಿದ್ದೆವು. ಗ್ರೂಪಿನಲ್ಲಿ ಬೇರೆಯವರಿಗೆ ಹೊಟ್ಟೆಕಿಚ್ಚು.

ಈಗ ಆ ಶನಿವಾರದ ಮಾತು ಹೇಳಬೇಕು.

ಜುಲೈ ತಿಂಗಳು. ಬೆಳಿಗ್ಗೆ ಎಂಟಕ್ಕೇ ಹೊರಗೆ ಕಾಲಿಟ್ಟರೆ ಒಲೆಯ ಬಾಯಿಗೆ ಮುಖ ಕೊಟ್ಟ ಹಾಗೆ. ನಾನು, ನನ್ನವರು, ಮಗಳು, ಭಾವ ಬಂದರಿನ ಬಳಿಯ ಮೀನು ಮಾರ್ಕೆಟ್ಟಿಗೆ ಹೋದೆವು. ಸಂಜೆ ಜೆಬೆಲ್ ಅಲಿಯ ಪಠಾಣನಲ್ಲಿಗೆ ಹೋಗುವುದೆಂದು ನಿಶ್ಚಯವಾಗಿತ್ತು. ಮಗಳು ತನ್ನ ಇಬ್ಬರು ಗೆಳತಿಯರನ್ನೂ ಕರೆದಿದ್ದಳು. ಅವರ ತಾಯಂದಿರು ನನ್ನ ಮೇಲಿನ ನಂಬಿಕೆಯಿಂದ ಒಪ್ಪಿದ್ದರು.

ಕಾರಿನ ಮುಂದಿನ ಗಾಜಿನ ಹತ್ತಿರ ಸಿಕ್ಕಿಸಿದ್ದ ಭಾವನ ಫೋನು ಬಿಸಿಲಿಗೆ ಕಾದು ಕಾದು ತಾನಾಗಿ ಆರಿಹೋಗಿತ್ತು. ಇಲ್ಲಿಯ ಬೇಸಿಗೆಯಲ್ಲಿ ಇದು ಹೊಸತಲ್ಲ. ತಣ್ಣಗಾಗುವವರೆಗೆ ಅದು ಕಲ್ಲು. ಅಬ್ಬ, ಇವತ್ತಾದರೂ ಫೋಟೋ ಇಲ್ಲ ಎಂದು ನಾನು ಮನಸ್ಸಿನಲ್ಲೇ ಖುಷಿಪಟ್ಟೆ. ಸಣ್ಣ ಸಣ್ಣ ಅನುಗ್ರಹಗಳನ್ನು ಎಣಿಸುವ ಅಭ್ಯಾಸ ನನ್ನದು. ಅದನ್ನೂ ಎಣಿಸಿಕೊಂಡೆ.

ಮಾರ್ಕೆಟ್ಟಿನಲ್ಲಿ ಭಾವ ಒಂದು ಹಲಗೆಯ ಮುಂದೆ ನಿಂತರು. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಯಜಮಾನನ ಗತ್ತಿನಲ್ಲಿ, "ಬಂಗುಡೆ ಒಳ್ಳೇದುಂಟು. ಎರಡು ಕಿಲೋ ಹಾಕಿಸು," ಎಂದರು.

ಅದು ಬೂತಾಯಿ.

ಕಡಲ ಕರೆಯಲ್ಲಿ ಹುಟ್ಟಿದ ಮಗು ಅಪ್ಪನನ್ನು ಗುರುತಿಸುವ ಮೊದಲು ಬಂಗುಡೆಗೂ ಬೂತಾಯಿಗೂ ಇರುವ ವ್ಯತ್ಯಾಸ ಗುರುತಿಸುತ್ತದೆ. ನನ್ನವರು ಅಣ್ಣನನ್ನು ನೋಡಿ ಹೋ ಎಂದು ನಕ್ಕರು. "ಕಾಕ, ರುವೈಸ್‌ನಲ್ಲಿ ಬೂತಾಯಿಗೆ ಬಂಗುಡೆ ಹೇಳುದಾ ಈಗ?" ಭಾವನೂ ನಕ್ಕರು. ಆದರೆ ಒಂದು ಗಳಿಗೆ ತಡವಾಗಿ ನಕ್ಕರು. ನಕ್ಕು, ಹಲಗೆಯ ಕಡೆಗೆ ಬಗ್ಗಿ, ಕೈಯಿಂದ ಒಂದು ಮೀನನ್ನು ಮುಟ್ಟಿ, ಬೆರಳನ್ನು ಅದರ ಹೊಟ್ಟೆಯ ಮೇಲೆ ಓಡಿಸಿ, "ತಮಾಷೆಗೆ ಹೇಳಿದ್ದು ಮಾರಾಯ," ಎಂದರು.

ನನಗೆ ಎಲ್ಲೋ ಒಂದು ಸಣ್ಣ ಮುಳ್ಳು ಸಿಕ್ಕಿಕೊಂಡ ಹಾಗಾಯಿತು. ಅದು ಅಲ್ಲಿಗೇ ನಿಲ್ಲಲಿಲ್ಲ. ವಾಪಸು ಬರುವಾಗ ನಮ್ಮ ಮನೆಯ ಹತ್ತಿರ, ಶಾಲೆಯ ಮುಂದೆ, ಜನ ರಸ್ತೆ ದಾಟುವ ಪಟ್ಟೆಗಳಿವೆ. ಒಬ್ಬ ಮನುಷ್ಯ ಸೈಕಲ್ಲು ತಳ್ಳಿಕೊಂಡು ದಾಟುತ್ತಿದ್ದ. ನಡು ರಸ್ತೆಯಲ್ಲಿದ್ದ. ನಾನು ಹಿಂದಿನ ಸೀಟಿನಿಂದ ಅವನನ್ನು ನೋಡಿದೆ, ಅವನ ಸೈಕಲ್ಲಿಗೆ ಕಟ್ಟಿದ ಹಳದಿ ಚೀಲವನ್ನು ನೋಡಿದೆ, ಕಾರು ನಿಧಾನವಾಗುತ್ತಿಲ್ಲ ಎಂಬುದನ್ನು ನೋಡಿದೆ.

"ಭಾವ!"

ಕಾರು ಚೀರಿ ನಿಂತಿತು. ಮೀನಿನ ಚೀಲ ಮುಂದಕ್ಕೆ ಹಾರಿತು. ಸೈಕಲ್ಲಿನವನು ನಮ್ಮ ಬಾನೆಟ್ಟಿನ ಮೇಲೆ ಕೈಯಿಟ್ಟು, ನಮ್ಮನ್ನು ನೋಡಿ ದಾಟಿಹೋದ.

"ಕಂಡೆ, ಕಂಡೆ," ಎಂದರು ಭಾವ.

ಕಂಡದ್ದನ್ನು ಕಂಡ ಹಾಗೆಯೇ ಹೇಳುವ ಮನುಷ್ಯ ಸುಳ್ಳು ಹೇಳಿದ್ದನ್ನು ನಾನು ಮೊದಲ ಸಲ ಕೇಳಿದ್ದು ಆಗ. ಮಗಳು ನನ್ನ ತೋಳು ಹಿಡಿದುಕೊಂಡಿದ್ದಳು. ನನ್ನವರು ಮುಂದೆ ಕೂತು ತಮ್ಮ ಫೋನು ನೋಡುತ್ತಿದ್ದವರು, "ಎಂತಾಯ್ತು?" ಎಂದು ತಲೆ ಎತ್ತಿದರು. ಸೈಕಲ್ಲು ಆಗಲೇ ಆಚೆ ಬದಿ ಸೇರಿತ್ತು.

ಮಧ್ಯಾಹ್ನ ಬೂತಾಯಿ ಪುಳಿಮುಂಚಿ ಮಾಡಿದೆ. ಭಾವನಿಗೆ ಪ್ರಾಣ ಅದು. ಆದರೆ ಅನ್ನಕ್ಕೆ ರಸ ಮಾತ್ರ ಹಾಕಿಸಿಕೊಂಡು, ಮೀನನ್ನು ತಟ್ಟೆಯ ಅಂಚಿಗೆ ಸರಿಸಿ ಇಟ್ಟರು. "ಹೊಟ್ಟೆ ಸ್ವಲ್ಪ ಸರಿ ಇಲ್ಲ." ಅಷ್ಟರಲ್ಲಿ ಮಗಳು, ಚಾರ್ಜಿಗೆ ಇಟ್ಟಿದ್ದ ಅವರ ಫೋನು ತಂದುಕೊಟ್ಟಳು. "ಅಂಕಲ್, ಇಟ್ಸ್ ವರ್ಕಿಂಗ್ ನೌ."

ಭಾವನ ಮುಖ ಅರಳಿತು. ಪೆನ್ನು ಬಂತು. ಕನ್ನಡಕ ಹಣೆಗೇರಿತು. ಕೊಕ್ಕರೆ ಬಗ್ಗಿತು. ಫೋಟೋ ಆಯಿತು. ಉಳಿದವರು ಊಟಕ್ಕೆ ತೊಡಗಿದರು. ಅಂದು ನಾನೊಬ್ಬಳು ಅವರ ಕೈಯನ್ನೇ ನೋಡುತ್ತಿದ್ದೆ. ಎರಡು ಬೆರಳುಗಳಿಂದ ಫೋಟೋವನ್ನು ಹಿಗ್ಗಿಸಿದರು. ಇನ್ನೂ ಹಿಗ್ಗಿಸಿದರು. ಒಂದು ಬೂತಾಯಿಯ ಬೆನ್ನು ಇಡೀ ಪರದೆ ತುಂಬಿತು. ಅದನ್ನು ನೋಡಿಕೊಂಡು, ತಟ್ಟೆಗೆ ಕೈ ಹಾಕಿ, ಒಂದೊಂದೇ ಮುಳ್ಳನ್ನು ಹುಡುಕಿ ತೆಗೆದರು. ಮತ್ತೆ ಪರದೆ. ಮತ್ತೆ ತಟ್ಟೆ. ಹೊಟ್ಟೆ ಸರಿಯಿಲ್ಲದವರು ನಾಲ್ಕು ಮೀನು ತಿಂದರು.

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಆರಿದ ನೀರ್ ದೋಸೆಗಳು, ತಡವಾದ ಖರ್ಜೂರ, ತಪ್ಪಿದ ದಾರಿಗಳು ಒಂದೊಂದಾಗಿ ನೆನಪಾದವು. ಗ್ರೂಪಿಗೆ ಹೋಗುವುದು ಆಮೇಲಿನ ಮಾತು. ಈ ಮನುಷ್ಯನಿಗೆ ಫೋಟೋ ತೆಗೆಯದಿದ್ದರೆ ತಟ್ಟೆಯೇ ಕಾಣುತ್ತಿರಲಿಲ್ಲ.

ಊಟ ಆಗಿ ಗಂಡಸರು ಹಾಲ್‌ನಲ್ಲಿ ಅಡ್ಡಾದರು. ನಾನು ನಮಾಝಿಗೆ ನಿಂತೆ. ಎಷ್ಟನೆಯ ರಕಅತ್ ಎಂದು ಎರಡು ಸಲ ಮರೆತೆ. ಇನ್ನೊಬ್ಬರ ಕುಂದನ್ನು ಮುಚ್ಚಿಡುವವರ ಕುಂದನ್ನು ಅಲ್ಲಾಹನು ಮುಚ್ಚಿಡುತ್ತಾನೆ ಎಂದು ಮದ್ರಸದಲ್ಲಿ ಕಲಿತವಳು ನಾನು. ನನ್ನವರಿಗೆ ಹೇಳಿದರೆ ಅವರು ನಾಲ್ಕು ಜನರ ಮುಂದೆ ಕೇಳಿಬಿಡುತ್ತಾರೆ. ಅವರ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ನರ್ಸ್ ಬಾಯಿಗೆ ಹೇಳಿದರೆ ಅವರು ಆಸ್ಪತ್ರೆಯ ರೀತಿಯಲ್ಲಿ ಜೋರು ಮಾಡುತ್ತಾರೆ. ಹೇಳದೆ ಇದ್ದರೆ ಸಂಜೆ ಐದಕ್ಕೆ ಅದೇ ಕಾರಿನಲ್ಲಿ ನನ್ನ ಮಗಳು, ಬೇರೆಯವರ ಇಬ್ಬರು ಹೆಣ್ಣುಮಕ್ಕಳು, ಆರು ಸಾಲಿನ ರಸ್ತೆ, ಲಾರಿಗಳು. ಆ ಹಳದಿ ಚೀಲ ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ.

ಸಲಾಂ ಹೇಳಿ ನಮಾಝು ಮುಗಿಸಿ ಎದ್ದವಳಿಗೆ ಊಟದ ಮೇಜಿನ ಮೇಲೆ ಬಿಟ್ಟುಹೋದ ಪೆನ್ನು ಕಂಡಿತು.

ಕಸದ ಚೀಲ ಒಂದು ಕೈಯಲ್ಲಿ, ಪೆನ್ನು ಇನ್ನೊಂದು ಕೈಯಲ್ಲಿ ಹಿಡಿದು ಹೊರಗಿಳಿದೆ. ಬಿಸಿಲಿಗೆ ಗೇಟು ಮುಟ್ಟಲಾಗುತ್ತಿರಲಿಲ್ಲ. ಭಾವನ ಕಾರನ್ನು ನಾನು ನೂರು ಸಲ ಹತ್ತಿದ್ದೆ, ಒಮ್ಮೆಯೂ ಸುತ್ತು ಬಂದು ನೋಡಿರಲಿಲ್ಲ. ಬಲಬದಿಯಲ್ಲಿ ಉದ್ದಕ್ಕೂ ಗೀರು. ಕಂಬದ ಹಳದಿ ಬಣ್ಣ ಅಂಟಿಕೊಂಡದ್ದು ಒಂದು ಕಡೆ, ಯಾವುದೋ ಕೆಂಪು ಕಾರಿನ ಬಣ್ಣ ಇನ್ನೊಂದು ಕಡೆ. ಎಡಗಡೆಯ ಕನ್ನಡಿಯನ್ನು ಬಿಳಿ ಟೇಪಿನಿಂದ ಕಟ್ಟಿದ್ದರು. ಹಿಂದಿನ ಮೂಲೆ ಒಳಗೆ ಹೋಗಿ ತಟ್ಟೆಯಾಗಿತ್ತು. ನಾನು ಒಂದೊಂದರ ಪಕ್ಕವೂ ಪೆನ್ನು ಹಿಡಿದು ಫೋಟೋ ತೆಗೆದೆ. ನನ್ನ ಆಯುಷ್ಯದಲ್ಲಿ ಒಂದು ವಸ್ತುವಿನ ಫೋಟೋವನ್ನು ನಾನು ಅಷ್ಟು ಶ್ರದ್ಧೆಯಿಂದ ತೆಗೆದದ್ದು ಅದೇ ಮೊದಲು. ಹನ್ನೊಂದು ಆದವು. ಅಲ್ಲಿಯೇ ನಿಂತು, ಕೆಳಗೆ ಒಂದಕ್ಷರವನ್ನೂ ಬರೆಯದೆ, ಭಾವನಿಗೆ ಕಳಿಸಿದೆ. ಭಾವನೊಬ್ಬರಿಗೆ.

ನಾನು ಒಳಗೆ ಬರುವಾಗ ಹಾಲ್‌ನಲ್ಲಿ ಅವರ ಫೋನು ಟಿಂಗ್ ಟಿಂಗ್ ಎಂದು ಹೇಳುತ್ತಲೇ ಇತ್ತು. ನನ್ನವರು ಗೊರಕೆ ಹೊಡೆಯುತ್ತಿದ್ದರು. ನಾನು ಅಡಿಗೆಮನೆಗೆ ಹೋಗಿ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯತೊಡಗಿದೆ. ಸ್ವಲ್ಪ ಹೊತ್ತಿನಲ್ಲಿ ಬಾಗಿಲ ಬಳಿ ಭಾವ ಬಂದು ನಿಂತರು.

"ಯಾರಿಗೆಲ್ಲ ಕಳಿಸಿದ್ದಿ?"

"ನಿಮಗೆ ಮಾತ್ರ."

"ಗ್ರೂಪಿಗೆ?"

"ಇಲ್ಲ ಭಾವ. ನಾನು ನಿಮ್ಮ ಹಾಗಲ್ಲ."

ಅವರು ಕನ್ನಡಕ ಮೇಲೆತ್ತಿ, ಫೋನನ್ನು ಮೂಗಿಗೆ ಹಿಡಿದು, ಹನ್ನೊಂದನ್ನೂ ಮತ್ತೊಮ್ಮೆ ನೋಡಿದರು. ಬಯ್ಯುತ್ತಾರೆಂದು ಕಾದೆ.

"ವರದಿ ಸರಿ ಉಂಟು," ಎಂದರು. "ಆದರೆ ಪೆನ್ನು ಬಲಕ್ಕೆ ಇಟ್ಟಿದ್ದಿ. ಎಡಕ್ಕೆ ಇಡಬೇಕು."

ಆಮೇಲೆ ಕಿಸೆಯಿಂದ ಕಾರಿನ ಕೀಲಿ ತೆಗೆದು ಉಪ್ಪಿನ ಡಬ್ಬಿಯ ಪಕ್ಕ ಇಟ್ಟರು.

ಹಳೆಯ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದದ್ದಿರಬೇಕು ಎಂದರು. ಎಡಗಣ್ಣಿಗೆ ಒದ್ದೆ ಬಟ್ಟೆ ಹಾಕಿದ ಹಾಗೆ, ಬಲಗಣ್ಣಿನಲ್ಲಿ ಕಪ್ಪು ನೂಲುಗಳು ತೇಲಿದ ಹಾಗೆ. ವರ್ಷವಾಗುತ್ತ ಬಂದಿತ್ತು. ರುವೈಸ್‌ನಲ್ಲಿ ಅವರು ಈಗ ಪೈಪುಗಳ ಹತ್ತಿರ ಹೋಗುವುದಿಲ್ಲ, ಬೇರೆಯವರು ತೆಗೆದ ಫೋಟೋಗಳನ್ನು ದೊಡ್ಡ ಪರದೆಯ ಮೇಲೆ ಹಿಗ್ಗಿಸಿ ನೋಡುವ ಕೆಲಸ ಕೇಳಿ ಹಾಕಿಸಿಕೊಂಡಿದ್ದಾರೆ. ಕಂಪನಿಗೆ ಹೇಳಿಲ್ಲ. ಅಕ್ಕನಿಗೂ ಹೇಳಿಲ್ಲ.

"ಡಾಕ್ಟರಿಗೆ ತೋರಿಸಲಿಕ್ಕೆ ಎಂತ ಕಷ್ಟ ನಿಮಗೆ?"

"ತೋರಿಸಿದರೆ ಮೊದಲು ಎಂತ ಹೇಳ್ತಾರೆ? ಕಾರು ಓಡಿಸಬೇಡಿ ಹೇಳ್ತಾರೆ." ಕೀಲಿಯನ್ನು ತೋರುಬೆರಳಿನಿಂದ ತಳ್ಳಿ ನೆಟ್ಟಗೆ ಮಾಡಿದರು. "ಕಾರಿಲ್ಲದಿದ್ದರೆ ಶುಕ್ರವಾರ ಸಂಜೆ ನಾನು ಎಲ್ಲಿಗೆ ಹೋಗುದು ತಂಗೀ? ಆ ರೂಮಿನಲ್ಲಿ ಟಿವಿ ಎದುರು ಕೂತು ಖುಬ್ಬೂಸ್ ರೊಟ್ಟಿ ಹರಿದುಕೊಂಡು... ಅದರ ಫೋಟೋ ಯಾರಿಗೆ ಕಳಿಸುದು?"

ಪ್ರತಿ ಶುಕ್ರವಾರ ಅವರ ಕಾರಿನ ಸದ್ದು ಕೇಳಿದಾಗ 'ಬಂತು ಪೆನ್ನು' ಎಂದು ಗೊಣಗಿಕೊಂಡ ಬಾಯಿ ನನ್ನದು. ಸಿಟ್ಟಿನಲ್ಲಿಯೇ ಹೇಳಿದೆ, ಬೇರೆ ರೀತಿ ಹೇಳಲು ನನಗೆ ಬರುವುದಿಲ್ಲ. "ಬಸ್ಸುಂಟು ಭಾವ. ಬಸ್‌ಸ್ಟ್ಯಾಂಡಿಗೆ ಇವರು ಬರ್ತಾರೆ. ರೊಟ್ಟಿ ಎಲ್ಲಿಗೂ ಓಡಿಹೋಗುದಿಲ್ಲ. ಮುಳ್ಳು ತೆಗೆದು ಕೊಡ್ಲಿಕ್ಕೆ ನಾನಿದ್ದೇನೆ."

"ಮುಳ್ಳು ನಾನೇ ತೆಗೀತೇನೆ," ಎಂದರು.

ಸಂಜೆಯ ಸವಾರಿ ನಿಂತಿತು. ಮಕ್ಕಳಿಗೆ ಮನೆಯಲ್ಲೇ ಮೊಟ್ಟೆ ಪರೋಟಾ ಮಾಡಿಕೊಟ್ಟೆ. ನರ್ಸ್ ಬಾಯಿಗೂ ನನ್ನವರಿಗೂ ಭಾವನೇ ಹೇಳಿದರು, ನಾನು ಹೇಳಲಿಲ್ಲ. ಬಾಯಿ ಅಂದುಕೊಂಡದ್ದಕ್ಕಿಂತ ಹೆಚ್ಚು ಬೈದರು. "ಇನ್ಸ್‌ಪೆಕ್ಟ್ರೇ, ಊರಿನ ಪೈಪಿನ ತುಕ್ಕು ನೋಡ್ತೀರಿ, ನಿಮ್ಮ ಕಣ್ಣಿನದ್ದು ಯಾರು ನೋಡುದು? ನನ್ನ ಅಜ್ಜನಾ?" ಎಂದು ಕೂಗಾಡಿ, ಸೋಮವಾರವೇ ಕೈ ಹಿಡಿದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಕಣ್ಣಿಗೆ ಸೂಜಿ, ಲೇಸರು, ತಿಂಗಳುಗಟ್ಟಲೆ ಓಡಾಟ. ಎಡಗಣ್ಣು ಹೋಯಿತು. ಬಲಗಣ್ಣು ಅರ್ಧದಷ್ಟು ಉಳಿಯಿತು. ಆ ಅರ್ಧಕ್ಕೆ ಅಲ್‌ಹಮ್ದುಲಿಲ್ಲಾ. ಕಂಪನಿಯವರಿಗೆ ಭಾವನೇ ಹೋಗಿ ಹೇಳಿದರು. ಅವರು ಪರದೆಯ ಮುಂದಿನ ಕುರ್ಚಿಯನ್ನೇ ಖಾಯಂ ಮಾಡಿದರು. ಅದನ್ನೂ ನಾನು ಎಣಿಸಿಕೊಂಡೆ.

ಭಾವ ಬಸ್ಸಿನಲ್ಲಿ ಬರತೊಡಗಿದರು. ಆದರೆ ನನ್ನವರಿಗೆ ಅರ್ಧ ಶುಕ್ರವಾರಗಳಲ್ಲಿ ಡ್ಯೂಟಿ. ಬಿಸಿಲಲ್ಲಿ ಆ ಮನುಷ್ಯ ಬಸ್‌ಸ್ಟ್ಯಾಂಡಿನಲ್ಲಿ ಒಂದು ಕಣ್ಣಿನಲ್ಲಿ ಟ್ಯಾಕ್ಸಿ ಹುಡುಕುತ್ತ ನಿಲ್ಲುವುದನ್ನು ನೆನೆಸಿದರೆ ನನಗೆ ರೊಟ್ಟಿ ಲಟ್ಟಿಸಲಾಗುತ್ತಿರಲಿಲ್ಲ. ಹೀಗೆ, ಸೈಕಲ್ಲನ್ನೂ ಓಡಿಸಿ ಗೊತ್ತಿಲ್ಲದ ನಾನು ನಲವತ್ತೆರಡನೆಯ ವಯಸ್ಸಿನಲ್ಲಿ ಕಾರು ಕಲಿಯಲು ಹೋದೆ. ಎರಡು ಸಲ ಫೇಲ್. ಮೂರನೆಯ ಸಲ, ಬಿಸ್ಮಿಲ್ಲಾ ಹೇಳಿ ಕೂತವಳು, ಪರೀಕ್ಷೆ ಮಾಡುವ ಹೆಂಗಸು "ಓಕೆ, ಖಲಾಸ್" ಎನ್ನುವವರೆಗೂ ಉಸಿರು ಬಿಡಲಿಲ್ಲ.

ನನ್ನ ಪಕ್ಕದ ಸೀಟಿನಲ್ಲಿ ಭಾವ ಕೂತರೆ ಇನ್ನೊಂದು ರಗಳೆ. ರಸ್ತೆಯ ಬೋರ್ಡುಗಳ ಫೋಟೋ ತೆಗೆಯುವುದು, ಹಿಗ್ಗಿಸುವುದು, ಓದುವುದು. "ತಂಗೀ, ಇಲ್ಲಿ ಬಲಕ್ಕೆ!" ಎಂದು ಅವರು ಹೇಳುವಾಗ ಆ ಬೋರ್ಡು ಎರಡು ಕಿಲೋಮೀಟರ್ ಹಿಂದೆ ಉಳಿದಿರುತ್ತಿತ್ತು. "ಭಾವ, ದೇವರಾಣೆ, ಬಾಯಿ ಮುಚ್ಚಿಕೊಂಡು ಕೂತ್ಕೊಳ್ಳಿ," ಎನ್ನುತ್ತಿದ್ದೆ. ಮನೆಯಲ್ಲಿ ಯಾರೂ ಅವರಿಗೆ ಹಾಗೆ ಹೇಳುವವರಿರಲಿಲ್ಲ. ನಾನು ಹೇಳುತ್ತಿದ್ದೆ, ಅವರು ಕೂರುತ್ತಿದ್ದರು, ಮುಂದಿನ ಬೋರ್ಡಿನವರೆಗೆ.

ಪಠಾಣನ ಕ್ಯಾಂಟೀನಿಗೂ ಹೋದೆವು. ನಾನೇ ಓಡಿಸಿಕೊಂಡು. ದಾರಿ ತಪ್ಪದೆ ತಲುಪಿದ್ದಕ್ಕೆ ಬಾಯಿ, "ಎಂತ ಬೋರು ಮಾರಾಯ್ತಿ," ಎಂದರು.

ಎರಡು ವರ್ಷ ಹೀಗೆ ನಡೆಯಿತು. ಆಮೇಲೆ ಭಾವ ನಿವೃತ್ತರಾಗಿ ವೀಸಾ ಮುಗಿಸಿ ಊರಿಗೆ ಹೋದರು. ಅಲ್ಲಿಂದಲೂ ಅಕ್ಕನ ಅಡಿಗೆಯ ಫೋಟೋಗಳು ಗ್ರೂಪಿಗೆ ಬರುತ್ತಲೇ ಇದ್ದವು, ಪೆನ್ನಿನ ಸಮೇತ. ಅಕ್ಕ ಒಮ್ಮೆ ಫೋನು ಮಾಡಿ, "ಇಷ್ಟು ವರ್ಷ ಇವರನ್ನು ಹೇಗೆ ತಡ್ಕೊಂಡಿದ್ದಿ?" ಎಂದು ಕೇಳಿದರು.

ಕಳೆದ ವರ್ಷ ಒಂದು ಬೆಳಿಗ್ಗೆ, ಸುಬ್ಹಿ ನಮಾಝು ಮುಗಿಸಿ ಚಾಪೆಯ ಮೇಲೆ ಒರಗಿದವರು ಮತ್ತೆ ಏಳಲಿಲ್ಲವಂತೆ. ಇನ್ನಾ ಲಿಲ್ಲಾಹಿ. ಸುದ್ದಿ ಬರುವಾಗ ನಾನು ಅವರು ಕೊಟ್ಟ ಕಾವಲಿಯ ಮೇಲೆ ರೊಟ್ಟಿ ಹಾಕಿದ್ದೆ. ರೊಟ್ಟಿ ಕರಟಿತು. ಅದರ ಫೋಟೋ ತೆಗೆಯುವವರು ಯಾರೂ ಇರಲಿಲ್ಲ. ಕಷ್ಟವಿಲ್ಲದ ಮರಣ ಕೊಟ್ಟೆಯಲ್ಲ ದೇವರೇ ಎಂದು ಅದನ್ನೂ ಎಣಿಸಿಕೊಳ್ಳಲು ನೋಡಿದೆ. ಆ ದಿನ ಎಣಿಕೆ ಮುಂದೆ ಹೋಗಲಿಲ್ಲ.

ಇನ್ನೊಂದು ವಿಷಯವಿದೆ. ಲೈಸೆನ್ಸು ಸಿಕ್ಕಿದ ಮೊದಲ ವಾರ ಭಾವನನ್ನು ಬಸ್‌ಸ್ಟ್ಯಾಂಡಿನಿಂದ ಕರೆತಂದು, ನಮ್ಮ ಗೇಟಿನೊಳಗೆ ತಿರುಗಿಸುವಾಗ ನನ್ನವರು ಆಗಷ್ಟೇ ಕೊಂಡಿದ್ದ ಬಿಳಿ ಕಾರನ್ನು ಕಂಬಕ್ಕೆ ಉಜ್ಜಿಬಿಟ್ಟೆ. ಆ ಸದ್ದು ನನ್ನ ಹಲ್ಲಿನೊಳಗೆ ಕೇಳಿತು. ಭಾವ ಇಳಿದರು. ಬಗ್ಗಿದರು. ಕೈಯಿಂದ ತಡವಿದರು. ಕಿಸೆಯಿಂದ ಪೆನ್ನು ತೆಗೆದರು. ನಾನು ಸ್ಟೇರಿಂಗಿನ ಮೇಲೆ ತಲೆಯಿಟ್ಟೆ. ಅರ್ಧ ಪೆನ್ನು ಬಿರಿಯಾನಿ ಆಯಿತು, ಇನ್ನು ನಲವತ್ತು ಮನೆಗಳಲ್ಲಿ ಇದು.

ನನ್ನ ಫೋನು ಟಿಂಗ್ ಎಂದಿತು. ಆ ರಾತ್ರಿ ಮಲಗುವವರೆಗೂ ಗ್ರೂಪ್ ತೆರೆದು ತೆರೆದು ನೋಡಿದೆ. ಅಲ್ಲಿಗೆ ಬಂದದ್ದು ನಾನು ಮಾಡಿದ ಸೌತೆಕಾಯಿ ಹುಳಿಯ ಫೋಟೋ ಒಂದೇ. ಮರುದಿನ ನನ್ನವರು ಗೀರು ನೋಡಿ ಹೌಹಾರಿದಾಗ ಭಾವ, "ಪಾರ್ಕಿಂಗಿನಲ್ಲಿ ಕಂಬ ತಾಗಿದ್ದು ಮಾರಾಯ, ಆಗ್ತದೆ," ಎಂದು ಚಾ ಕುಡಿದರು. ತಾಗಿಸಿದವರು ಯಾರೆಂದು ಇವರೂ ಕೇಳಲಿಲ್ಲ. ಹಳೆಯ ಚಪಲಕ್ಕೆ ಭಾವನೇ ಸ್ಟೇರಿಂಗು ಹಿಡಿದಿರಬೇಕೆಂದು ಇವತ್ತಿಗೂ ತಿಳಿದುಕೊಂಡಿದ್ದಾರೆ.

ನಮ್ಮ ಮನೆಯಲ್ಲಿ ಅವರು ತೆಗೆದ ಸಾವಿರ ಫೋಟೋಗಳಲ್ಲಿ ಗ್ರೂಪಿಗೆ ಹೋಗದೆ ಉಳಿದದ್ದು ಬಹುಶಃ ಅದೊಂದೇ. ಅದು ನನ್ನ ಫೋನಿನಲ್ಲಿದೆ. ಕಾರು ಹೊರಡಿಸುವ ಮೊದಲು ಈಗಲೂ ಒಮ್ಮೆ ಸುತ್ತು ಬಂದು ಎರಡೂ ಬದಿ ನೋಡುತ್ತೇನೆ. ಕೆಲವು ದಿನ ಆ ಫೋಟೋವನ್ನೂ ನೋಡುತ್ತೇನೆ. ಬಿಳಿ ಬಾಗಿಲು, ಬೂದು ಗೀರು, ಗೀರಿನ ಎಡಕ್ಕೆ ನೆಟ್ಟಗೆ ಹಿಡಿದ ನೀಲಿ ಮುಚ್ಚಳದ ಪೆನ್ನು. ಕೆಳಗೆ ಅವರ ವರದಿ: 'ಉದ್ದ: ಎರಡು ಪೆನ್ನು. ಯಾರಿಗೂ ಹೇಳಬೇಡ.'

ಇಲ್ಲಿಯವರೆಗೆ ಹೇಳಿರಲಿಲ್ಲ.